ಈಳಿಗೆಯ ಪಾಲೆಷ್ಟು?

ಅಡುಗೆಯೆಂದರೆ ಹೆಚ್ಚುವುದೇ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಓದಿಗಾಗಿ ಹೈದರಾಬಾದಿಗೋ ಪುಣೆಗೋ ಹೊರಟ ನಮ್ಮ ನಿರ್ಣಾದ ಹುಡುಗರು, ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಲು ಬಾರದೆಂದು ಖಾನಾವಳಿಯ ದಾರಿ ಹಿಡಿಯುವುದನ್ನು ನಾನು ಕಂಡಿದ್ದೇನೆ. ಅವರು ತಮ್ಮ ಮನೆಯ ಒಲೆಯನ್ನೊಮ್ಮೆ ನೆನೆಯಬೇಕು. ಜೋಳದ ರೊಟ್ಟಿ ಅಂಗೈಯ ಕೆಲಸ. ಶೇಂಗಾ ಹಿಂಡಿ ಒರಳಿನದು. ಪುಂಡಿಪಲ್ಯದ ಎಲೆಗಳನ್ನು ಕೈಯಿಂದಲೇ ಬಿಡಿಸಿ, ತೊಗರಿಬೇಳೆಯೊಡನೆ ಬೇಯಿಸಿ ಕಡೆಯುತ್ತಾರೆ. ಕಡಗೋಲಿಗೆ ಸಿಕ್ಕ ಮೇಲೆ ಹೆಚ್ಚಿದ ಸೊಪ್ಪೂ ಇಡಿಯ ಎಲೆಯೂ ಒಂದೇ. ಬೆಳ್ಳುಳ್ಳಿಯನ್ನಂತೂ ಜಜ್ಜುವುದೇ ಲೇಸು. ಎಸಳಿನ ಜೀವಕೋಶಗಳು ಒಡೆದಾಗಲೇ ಅದರ ಘಾಟು ಹುಟ್ಟುವುದು. ರೊಟ್ಟಿಯ ಜತೆ ಕಚ್ಚುವ ಉಳ್ಳಾಗಡ್ಡಿಗೆ ಒಂದು ಗುದ್ದು ಸಾಕು!

ಹಾಗೆಂದು ಈಳಿಗೆಯನ್ನು ಅಟ್ಟಕ್ಕೇರಿಸುವಂತಿಲ್ಲ. ಎಣ್ಣೆಗಾಯಿಯ ಬದನೆಯನ್ನು ನಾಲ್ಕಾಗಿ ಸೀಳಿ ತೊಟ್ಟಿನ ಬಳಿ ಕೈ ತಡೆಯಬೇಕು; ತುಸು ಮುಂದೆ ಹೋದರೂ ಮಸಾಲೆಯೆಲ್ಲ ಎಣ್ಣೆಯ ಪಾಲು. ಎಳ್ಳಮಾವಾಸ್ಯೆಯ ಭಜ್ಜಿಗೆ ಹೆಚ್ಚುವವರ ಕೈ ಸೋಲುವುದು ದಿಟ. ಆದರೆ ಅದು ವರ್ಷಕ್ಕೊಮ್ಮೆ, ಅಂದು ಮನೆತುಂಬ ಕೈಗಳಿರುತ್ತವೆ. ಉಳಿದ ದಿನಗಳಲ್ಲಿ ಹೋಳುಗಳು ಒಂದೇ ಅಳತೆಯವಾಗಿದ್ದರಾಯಿತು, ಒಂದು ಕರಗಿ ಇನ್ನೊಂದು ಹಸಿಯಾಗಿ ಉಳಿಯದಂತೆ. ದೊಡ್ಡ ಹೋಳಾದರೆ ಒಲೆಯ ಮೇಲೆ ಇನ್ನಷ್ಟು ಹೊತ್ತು ಇರಲಿ.