ಬೈಬಲಿನ ಗ್ರೀಕ್ ಭಾಷೆ ಮತ್ತು ಕನ್ನಡ ಬೈಬಲಿನ ಓದು

ಬೈಬಲಿನ ಗ್ರೀಕ್ ಎಂದರೆ ಕ್ರೈಸ್ತರ ಹೊಸ ಒಡಂಬಡಿಕೆಯ 27 ಪುಸ್ತಕಗಳು ರಚಿತವಾಗಿರುವ ಗ್ರೀಕ್ ಭಾಷೆಯ ರೂಪ. ಇದನ್ನು ‘ಕೊಯ್ನೆ’ ಎಂದು ಕರೆಯುತ್ತಾರೆ. ಈ ಪದಕ್ಕೆ ‘ಎಲ್ಲರಿಗೂ ಸಾಮಾನ್ಯವಾದ’ ಎಂದರ್ಥ. ಅಲೆಕ್ಸಾಂಡರನ ದಂಡಯಾತ್ರೆಗಳ ನಂತರ ಪೂರ್ವ ಮೆಡಿಟರೇನಿಯನ್ ಪ್ರದೇಶದಲ್ಲಿ ವ್ಯಾಪಾರ, ಆಡಳಿತ ಮತ್ತು ಪತ್ರವ್ಯವಹಾರಗಳಿಗೆ ಈ ಭಾಷೆ ಬಳಕೆಯಾಗುತ್ತಿತ್ತು. ಅನುವಾದಕನು ಒಂದು ಪದಕ್ಕೆ ಒಂದು ಅರ್ಥವನ್ನು ಆರಿಸಿಕೊಂಡಾಗ ಅದರ ಉಳಿದ ಅರ್ಥಗಳು ಮರೆಯಾಗುತ್ತವೆ. ಮೂಲಭಾಷೆಯ ಅಧ್ಯಯನವು ಅವುಗಳನ್ನು ಮತ್ತೆ ಓದುಗನ ಮುಂದಿಡುತ್ತದೆ.

ಹಿನ್ನೆಲೆ

1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿ ಪ್ರಕಟಿಸಿದನು. ‘ಮೆಟನೋಯ’ ಎಂಬ ಗ್ರೀಕ್ ಪದವು ಮನಸ್ಸಿನ ಪರಿವರ್ತನೆಯನ್ನು ಸೂಚಿಸುತ್ತದೆ. ಲ್ಯಾಟಿನ್ ಅನುವಾದದಲ್ಲಿ ಅದನ್ನು ಪ್ರಾಯಶ್ಚಿತ್ತ ವಿಧಿಯ ಆಚರಣೆ ಎಂದೂ ಅರ್ಥೈಸಲು ಅವಕಾಶವಿತ್ತು. ಈ ಎರಡು ಅರ್ಥಗಳ ನಡುವಿನ ಅಂತರವು ಮಾರ್ಟಿನ್ ಲೂಥರನ ಚಿಂತನೆಯ ಮೇಲೆ ಪ್ರಭಾವ ಬೀರಿತು.

ಕನ್ನಡದಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಪರಿಶ್ರಮದಿಂದ 1831ರ ವೇಳೆಗೆ ಪೂರ್ಣ ಬೈಬಲ್ ಸಿದ್ಧವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಮುಂದೆ ಪರಿಷ್ಕರಣದಲ್ಲಿ ತೊಡಗಿದರು.

ಪದಗಳ ಅರ್ಥವ್ಯಾಪ್ತಿ

ಪಿಸ್ಟಿಸ್: ಈ ಪದಕ್ಕೆ ನಂಬಿಕೆ ಎಂಬ ಅರ್ಥವೂ ನಂಬಿಗಸ್ತಿಕೆ ಎಂಬ ಅರ್ಥವೂ ಇದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ (2:16) ಪೌಲನು ಬಳಸಿದ ‘ಪಿಸ್ಟಿಸ್ ಕ್ರಿಸ್ಟು’ ಎಂಬ ಮಾತನ್ನು ‘ಕ್ರಿಸ್ತನಲ್ಲಿ ಇಡುವ ನಂಬಿಕೆ’ ಎಂದೂ ‘ಕ್ರಿಸ್ತನು ತೋರಿದ ನಂಬಿಗಸ್ತಿಕೆ’ ಎಂದೂ ಅರ್ಥ ಮಾಡಬಹುದು. ರಕ್ಷಣೆಯ ಆಧಾರ ಭಕ್ತನ ನಂಬಿಕೆಯೋ, ಕ್ರಿಸ್ತನ ನಿಷ್ಠೆಯೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ವಿದ್ವಾಂಸರಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಗ್ರೀಕಿನಲ್ಲಿ ನಾಮಪದವೂ ಕ್ರಿಯಾಪದವೂ ಒಂದೇ ಮೂಲದಿಂದ ಬಂದಿವೆ. ಕನ್ನಡದ ನಂಬು, ನಂಬಿಕೆ, ನಂಬಿಗಸ್ತ ಎಂಬ ಪದಗಳೂ ಹಾಗೆಯೇ ಒಂದೇ ಕುಟುಂಬಕ್ಕೆ ಸೇರಿವೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಮೂಲದ ಪದಗಳು ಬೇಕಾಗುತ್ತವೆ.

ಎಕ್ಲೇಸಿಯ: ಇದು ಕಟ್ಟಡವನ್ನಲ್ಲ, ಕೂಡಿಬಂದ ಜನರನ್ನು ಸೂಚಿಸುವ ಪದ. ಕನ್ನಡ ಬೈಬಲಿನ ‘ಸಭೆ’ ಈ ಅರ್ಥವನ್ನು ಉಳಿಸಿಕೊಂಡಿದೆ. ಕರಾವಳಿಯಲ್ಲಿ ಬಳಕೆಯಲ್ಲಿರುವ ‘ಇಗರ್ಜಿ’ ಎಂಬ ಪದವು ಪೋರ್ಚುಗೀಸ್ ಭಾಷೆಯ ಮೂಲಕ ಇದೇ ಎಕ್ಲೇಸಿಯದಿಂದ ಬಂದದ್ದು. ಆದರೆ ಅದು ಈಗ ಮುಖ್ಯವಾಗಿ ಆರಾಧನೆಯ ಕಟ್ಟಡಕ್ಕೆ ಹೆಸರಾಗಿದೆ.

ದೂಲೋಸ್: ಪೌಲನು ತನ್ನನ್ನು ಕ್ರಿಸ್ತನ ‘ದೂಲೋಸ್’ ಎಂದು ಕರೆದುಕೊಳ್ಳುತ್ತಾನೆ. ಕನ್ನಡದಲ್ಲಿ ಇದು ‘ದಾಸ’ ಎಂದಾಗಿದೆ. ಪುರಂದರದಾಸ, ಕನಕದಾಸರ ನಾಡಿನಲ್ಲಿ ಈ ಪದ ಕೇಳಿದೊಡನೆ ಭಕ್ತಿಯ ಗೌರವವೇ ಮೊದಲು ನೆನಪಾಗುತ್ತದೆ. ರೋಮನ್ ಸಾಮ್ರಾಜ್ಯದಲ್ಲಿ ದೂಲೋಸ್ ಎಂದರೆ ಕೊಳ್ಳಲು, ಮಾರಲು ಬರುತ್ತಿದ್ದ ಗುಲಾಮ. ಆ ಪದದ ಕಟುತ್ವವನ್ನು ಅರಿಯದಿದ್ದರೆ ಕ್ರಿಸ್ತನು ದಾಸನ ರೂಪವನ್ನು ಧರಿಸಿದನೆಂಬ ಬೋಧನೆಯ ತೀವ್ರತೆ ತಿಳಿಯುವುದಿಲ್ಲ.

ವ್ಯಾಕರಣದ ನೆರವು

ಗ್ರೀಕಿನಲ್ಲಿ ಮಧ್ಯಮ ಪುರುಷದ ಏಕವಚನ ಮತ್ತು ಬಹುವಚನಗಳು ಬೇರೆ ಬೇರೆ. ಲೂಕನ ಸುವಾರ್ತೆಯಲ್ಲಿ (22:31–32) ಯೇಸು ಪೇತ್ರನೊಡನೆ ಮಾತನಾಡುವಾಗ, ಸೈತಾನನ ಪರೀಕ್ಷೆಯನ್ನು ಕುರಿತು ಬಹುವಚನವನ್ನೂ ತನ್ನ ಪ್ರಾರ್ಥನೆಯನ್ನು ಕುರಿತು ಏಕವಚನವನ್ನೂ ಬಳಸುತ್ತಾನೆ. ಅಪಾಯವು ಶಿಷ್ಯರೆಲ್ಲರಿಗೂ ಇತ್ತು, ಪ್ರಾರ್ಥನೆಯು ಪೇತ್ರನಿಗಾಗಿ ಇತ್ತು. ಇಂದಿನ ಇಂಗ್ಲಿಷಿನಲ್ಲಿ ಮರೆಯಾಗುವ ಈ ಭೇದವನ್ನು ಕನ್ನಡದ ‘ನಿಮ್ಮನ್ನು’, ‘ನಿನಗಾಗಿ’ ಎಂಬ ರೂಪಗಳು ತೋರಿಸಬಲ್ಲವು. ಆದರೆ ಕನ್ನಡದ ‘ನೀವು’ ಗೌರವಸೂಚಕವೂ ಆಗಿರುವುದರಿಂದ, ಅದು ನಿಜವಾದ ಬಹುವಚನವೇ ಎಂಬುದನ್ನು ಮೂಲದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಶಿಲುಬೆಯ ಮೇಲೆ ಯೇಸು ನುಡಿದ ‘ಟೆಟೆಲೆಸ್ಟೈ’ (ಯೋಹಾನ 19:30) ಎಂಬ ಕ್ರಿಯಾರೂಪವು, ಕಾರ್ಯ ಪೂರ್ಣಗೊಂಡಿದೆ, ಅದರ ಫಲ ನಿಂತಿದೆ ಎಂಬುದನ್ನು ಸೂಚಿಸುತ್ತದೆ. ‘ಮುಗಿಯಿತು’ ಎಂಬುದಕ್ಕಿಂತ ‘ನೆರವೇರಿದೆ’ ಎಂಬ ರೂಪ ಇದಕ್ಕೆ ಹತ್ತಿರವಾದುದು.

ಮಿತಿಗಳು

ಪ್ರತಿ ಗ್ರೀಕ್ ಪದದಲ್ಲಿಯೂ ಗೂಢಾರ್ಥವಿದೆ ಎಂದು ಭಾವಿಸುವುದು ಸರಿಯಲ್ಲ. ‘ಅಗಾಪೆ’ ಎಂದರೆ ಸದಾ ದೈವಿಕವಾದ ನಿಃಸ್ವಾರ್ಥ ಪ್ರೀತಿ ಎಂಬ ಮಾತು ಪ್ರವಚನಗಳಲ್ಲಿ ಸಾಮಾನ್ಯ. ಆದರೆ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಿ, ಅಮ್ನೋನನು ತಾಮಾರಳ ಮೇಲೆ ಇಟ್ಟ ಕಾಮಪ್ರೇರಿತ ಮೋಹಕ್ಕೂ ಇದೇ ಪದವಿದೆ (2 ಸಮುವೇಲ 13). ಪದದ ಅರ್ಥವನ್ನು ವಾಕ್ಯವೂ ಸಂದರ್ಭವೂ ನಿರ್ಧರಿಸುತ್ತವೆ. ಗ್ರೀಕ್ ಬಾರದವರ ಭಕ್ತಿ ಅಪೂರ್ಣವೆಂದೂ ಇದರ ಅರ್ಥವಲ್ಲ. ಎರಡು ಮೂರು ಕನ್ನಡ ಅನುವಾದಗಳನ್ನು ಹೋಲಿಸಿ ಓದಿದರೆ, ಮೂಲದಲ್ಲಿ ಆಯ್ಕೆಗೆ ಎಡೆಯಿರುವ ಹಲವು ಸ್ಥಳಗಳು ಸಾಮಾನ್ಯ ಓದುಗನಿಗೂ ಗೋಚರಿಸುತ್ತವೆ.

ಅಧ್ಯಯನಾವಕಾಶ

ಕ್ರೈಸ್ತ ದೇವತಾಶಾಸ್ತ್ರದ ಉನ್ನತ ಶಿಕ್ಷಣದಲ್ಲಿ ಗ್ರೀಕ್ ಒಂದು ಅಧ್ಯಯನ ವಿಷಯ. ಕರ್ನಾಟಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು (ಸ್ಥಾಪನೆ 1910) ಮತ್ತು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಾಗಿವೆ.