ನೌಕಾಧಿಕಾರಿ ಮೌಂಟ್‌ಬ್ಯಾಟನ್

ಭಾನುವಾರ ಖಡಕ್‌ವಾಸ್ಲಾ ಅಣೆಕಟ್ಟಿಗೆ ಹೋಗಿ, ಸುಟ್ಟ ಮೆಕ್ಕೆಜೋಳ ತಿಂದು ಬರದ ಪುಣೆ ಕನ್ನಡಿಗರು ವಿರಳ. ಈಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್.ಡಿ.ಎ.) ಇರುವ ಆ ಪರಿಸರದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ‘ಎಚ್.ಎಂ.ಎಸ್. ಅಂಗೋಸ್ಟುರಾ’ ಎಂಬ ತರಬೇತಿ ಕೇಂದ್ರವಿತ್ತು. ಹೆಸರೇನೋ ಹಡಗಿನದು, ಸಮುದ್ರ ಮಾತ್ರ ಘಟ್ಟದಾಚೆ! ಹಡಗಿನಿಂದ ದಡಕ್ಕೆ ಸೈನ್ಯವನ್ನು ಇಳಿಸುವ ಅಭ್ಯಾಸಕ್ಕಾಗಿ ಅದನ್ನು ಕಟ್ಟಿದ್ದರು. ಮೂರೂ ಸೇನೆಗಳು ಕೂಡಿ ನಡೆಸುವ ಇಂಥ ದಾಳಿಗಳ ಹೊಣೆ ಬ್ರಿಟನ್ನಿನಲ್ಲಿ 1941ರಿಂದ 1943ರವರೆಗೆ ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್ನರದಾಗಿತ್ತು.

ಯುವ ಮಿತ್ರರೇ, ಶಾಲೆಯ ಪುಸ್ತಕದಲ್ಲಿ ನೀವು ಇವರನ್ನು ಕೊನೆಯ ವೈಸರಾಯ್ ಎಂದು ಓದಿದ್ದೀರಿ. ಆದರೆ ಅವರ ವೃತ್ತಿ ನೌಕಾಸೇನೆ.

1900ರಲ್ಲಿ ಹುಟ್ಟಿದ ಅವರು ವಿಕ್ಟೋರಿಯಾ ರಾಣಿಯ ಮರಿಮಗ. 1913ರಲ್ಲಿ ಆಸ್ಬೋರ್ನ್ ನೌಕಾ ಶಾಲೆ ಸೇರಿದರು. ಆಗ ಅವರ ತಂದೆ ಬ್ರಿಟಿಷ್ ನೌಕಾಸೇನೆಯ ಮುಖ್ಯಸ್ಥರು, ಅಂದರೆ ಫಸ್ಟ್ ಸೀ ಲಾರ್ಡ್. ಮರುವರ್ಷ ಜರ್ಮನಿಯೊಂದಿಗೆ ಯುದ್ಧ ಶುರುವಾಯಿತು. ಜರ್ಮನ್ ಮೂಲದವರೆಂಬ ಕಾರಣಕ್ಕೆ ತಂದೆ ರಾಜೀನಾಮೆ ಕೊಡಬೇಕಾಯಿತು. 1917ರಲ್ಲಿ ಬ್ಯಾಟನ್‌ಬರ್ಗ್ ಎಂಬ ಮನೆತನದ ಹೆಸರೂ ಮೌಂಟ್‌ಬ್ಯಾಟನ್ ಎಂದು ಬದಲಾಯಿತು. ಹುಟ್ಟಿದ ನೆಲ, ಮನೆತನದ ಹೆಸರುಗಳಿಂದ ಜನ ನಮ್ಮನ್ನು ಅಳೆಯುವುದುಂಟೆಂಬುದು ಹೊರನಾಡ ಕನ್ನಡಿಗರಿಗೆ ಹೊಸ ಮಾತಲ್ಲ. 1955ರಲ್ಲಿ ಮಗ ಅದೇ ಫಸ್ಟ್ ಸೀ ಲಾರ್ಡ್ ಪದವಿಗೆ ಏರಿದರು.

ನಡುವಿನ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 1941ರ ಮೇ 23ರಂದು ಕ್ರೀಟ್ ದ್ವೀಪದ ಬಳಿ ಜರ್ಮನ್ ವಿಮಾನಗಳು ಅವರ ‘ಕೆಲಿ’ ಹಡಗನ್ನು ಮುಳುಗಿಸಿದವು. ಅರ್ಧಕ್ಕೂ ಹೆಚ್ಚು ಸಿಬ್ಬಂದಿ ಸತ್ತರು. 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದಿಯೆಪ್ ಮೇಲೆ ಅವರ ಇಲಾಖೆ ಯೋಜಿಸಿದ ದಾಳಿಯೂ ಸೋತಿತು. ಸುಮಾರು 5,000 ಕೆನಡಾ ಸೈನಿಕರಲ್ಲಿ 900ಕ್ಕೂ ಹೆಚ್ಚು ಮಂದಿ ಮಡಿದರು. ಇಷ್ಟಾದರೂ 1943ರಲ್ಲಿ ಅವರಿಗೆ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಸರ್ವೋಚ್ಚ ದಂಡನಾಯಕತ್ವ ಸಿಕ್ಕಿತು. 1945ರಲ್ಲಿ ಸಿಂಗಪುರದಲ್ಲಿ ಜಪಾನಿ ಸೇನೆಯ ಶರಣಾಗತಿಯನ್ನು ಸ್ವೀಕರಿಸಿದವರು ಅವರೇ. ಇಂಥ ಸೋಲಿನ ನಂತರ ಸಾಮಾನ್ಯರ ಮಗನಿಗೆ ಇನ್ನೊಂದು ಅವಕಾಶ ದೊರೆಯುತ್ತಿತ್ತೇ? ಈ ಪ್ರಶ್ನೆಯನ್ನು ನೀವು ಕೇಳಲೇಬೇಕು.

ಆದರೆ ಅವರ ದುಡಿಮೆಯನ್ನು ಅಲ್ಲಗಳೆಯಲಾಗದು. 1959ರಿಂದ 1965ರವರೆಗೆ ಬ್ರಿಟನ್ನಿನ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದು, ಮೂರು ಸೇನೆಗಳ ಪ್ರತ್ಯೇಕ ಆಡಳಿತವನ್ನು 1964ರಲ್ಲಿ ಒಂದೇ ಸಚಿವಾಲಯದಡಿ ತರಲು ಶ್ರಮಿಸಿದರು. 1979ರ ಆಗಸ್ಟ್ 27ರಂದು ಐರ್ಲೆಂಡಿನಲ್ಲಿ ಐ.ಆರ್.ಎ. ಉಗ್ರರ ಬಾಂಬಿಗೆ ಬಲಿಯಾದರು.

ನಮ್ಮಲ್ಲಿ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾಗಿ ಕೊಡಗಿನ ಕಾರ್ಯಪ್ಪನವರು ಬಂದದ್ದು 1949ರಲ್ಲಿ. ನೌಕಾಸೇನೆ ಮಾತ್ರ 1958ರವರೆಗೆ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲೇ ಇತ್ತು. ಆ ವರ್ಷ ರಾಮದಾಸ್ ಕಟಾರಿಯವರು ಮುಖ್ಯಸ್ಥರಾದರು. ಮುಂಬಯಿಯ ‘ಡಫರಿನ್’ ತರಬೇತಿ ಹಡಗಿನಲ್ಲಿ ಕಲಿತು ಬಂದವರು ಅವರು.

1955ರಿಂದ ಖಡಕ್‌ವಾಸ್ಲಾದಲ್ಲಿ ಮೂರೂ ಸೇನೆಗಳ ಕೆಡೆಟ್‌ಗಳು ಒಟ್ಟಿಗೆ ಕಲಿಯುತ್ತಿದ್ದಾರೆ. ಅಲ್ಲಿ ಒಳಹೋಗಲು ಮನೆತನ ಬೇಡ. ಲಿಖಿತ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆಗಳಲ್ಲಿ ಗೆದ್ದರೆ ಸಾಕು. 2022ರಿಂದ ಹುಡುಗಿಯರಿಗೂ ಆ ಬಾಗಿಲು ತೆರೆದಿದೆ. ಮುಂದಿನ ಭಾನುವಾರ ಅಣೆಕಟ್ಟಿಗೆ ಹೋದಾಗ ಆ ಕಡೆಗೊಮ್ಮೆ ನೋಡಿ. ನಮ್ಮ ಸಂಘದ ಮಕ್ಕಳಲ್ಲಿ ಯಾರಾದರೂ ಅಲ್ಲಿಗೆ ಸೇರುವ ಮನಸ್ಸು ಮಾಡಿದರೆ ಹಿರಿಯರಾದ ನಮಗೆ ಅದಕ್ಕಿಂತ ಸಂತೋಷ ಬೇರೇನಿದೆ?