ಐವಿ ಹುಡುಕಿ ಹೋದವರಿಗೆ ಸಿಕ್ಕಿದ್ದು

1965ರಲ್ಲಿ ಟೋಕಿಯೊದಿಂದ ಒಂದು ಸಣ್ಣ ತಂಡ ಅಮೆರಿಕಕ್ಕೆ ಹೊರಟಿತು. ಗಂಡಸರ ಉಡುಪು ತಯಾರಿಸುತ್ತಿದ್ದ ವ್ಯಾನ್ ಜಾಕೆಟ್ ಎಂಬ ಕಂಪನಿ ಅವರನ್ನು ಕಳಿಸಿತ್ತು. ಕಂಪನಿ ಮಾಲೀಕರ ಮಗ ಶೊಸುಕೆ ಇಶಿಝು, ಉಡುಪಿನ ವಿಚಾರದಲ್ಲಿ ನಡೆದಾಡುವ ವಿಶ್ವಕೋಶದಂತಿದ್ದ ತೊಶಿಯುಕಿ ಕುರೊಸು, ಇಂಗ್ಲಿಷ್ ಬಲ್ಲ ಹಾಜಿಮೆ ಹಸೆಗಾವ, ಛಾಯಾಗ್ರಾಹಕ ತೆರುಯೊಶಿ ಹಯಾಶಿದಾ, ಜೊತೆಗೆ ಸಿನಿಮಾ ಕ್ಯಾಮೆರಾದವರು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್‌ನಂಥ ‘ಐವಿ ಲೀಗ್’ ಗುಂಪಿನ ಹಳೆಯ ವಿಶ್ವವಿದ್ಯಾಲಯಗಳಿಗೆ ಹೋಗಬೇಕು, ಅಲ್ಲಿನ ಹುಡುಗರು ಮೂರು ಗುಂಡಿಯ ಸೂಟು ತೊಟ್ಟು, ಟೈ ಕಟ್ಟಿಕೊಂಡು ತರಗತಿಗೆ ಹೋಗುವುದನ್ನು ಚಿತ್ರೀಕರಿಸಿ ತರಬೇಕು ಎಂಬುದು ಅವರಿಗೆ ಒಪ್ಪಿಸಿದ್ದ ಕೆಲಸ.

ಹಾರ್ವರ್ಡ್‌ನ ಅಂಗಳದಲ್ಲಿ ಕಾದು ನಿಂತವರ ಮುಂದೆ ಹಾದುಹೋದ ಹುಡುಗರು ಮೊಳಕಾಲ ಮೇಲಕ್ಕೆ ಕತ್ತರಿಸಿದ ಹಳೆಯ ಪ್ಯಾಂಟು ಹಾಕಿದ್ದರು. ಕತ್ತರಿಸಿದ ಅಂಚಿಗೆ ಹೊಲಿಗೆ ಇರಲಿಲ್ಲ, ಎಳೆಗಳು ಜೋತಾಡುತ್ತಿದ್ದವು. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಸೂಟು ತೊಟ್ಟವರನ್ನು ಹುಡುಕಿದರೂ ಸಿಗುವಂತಿರಲಿಲ್ಲ. ಕುರೊಸು ಕಂಗಾಲಾದರು. ವರ್ಷಗಟ್ಟಲೆ ಪತ್ರಿಕೆಗಳಲ್ಲಿ ನೋಡಿ, ಅಳೆದು, ನಿಯಮ ಬರೆದು ಜಪಾನಿನ ಯುವಕರಿಗೆ ಕಲಿಸಿದ ಉಡುಪು ಅದರ ತವರಿನಲ್ಲೇ ಇಲ್ಲ ಎಂದಾದರೆ ಏನು ಗತಿ?

ಹಳೆಯ ಕಾಲದ ಉಡುಪನ್ನು ಇಂದಿನದರ ಜೊತೆ ಸೇರಿಸಿ ತನ್ನದೇ ಒಂದು ಧಾಟಿ ಕಂಡುಕೊಳ್ಳುವುದು ಈಗ ಎಷ್ಟೋ ದೇಶಗಳ ಗಂಡಸರಿಗೆ ಪ್ರೀತಿಯ ಕೆಲಸ. ಆ ಕಲೆಯ ಒಂದು ಮುಖ್ಯ ಬೇರು ಈ ನಿರಾಶೆಯಲ್ಲಿದೆ. ಅದನ್ನು ಅರಿಯಲು ಕೆಲವು ವರ್ಷ ಹಿಂದಕ್ಕೆ ಹೋಗಬೇಕು.

ವ್ಯಾನ್ ಕಂಪನಿ ಕಟ್ಟಿದ ಕೆನ್ಸುಕೆ ಇಶಿಝು ಹುಟ್ಟಿದ್ದು 1911ರಲ್ಲಿ, ಒಕಾಯಾಮಾದಲ್ಲಿ. ಯುದ್ಧದ ಕಾಲದಲ್ಲಿ ಚೀನಾದ ತಿಯಾಂಜಿನ್‌ನಲ್ಲಿದ್ದರು. ಯುದ್ಧ ಮುಗಿದಾಗ ಅಲ್ಲಿಗೆ ಬಂದ ಒಬ್ಬ ಅಮೆರಿಕನ್ ಸೇನಾಧಿಕಾರಿಯ ಸ್ನೇಹವಾಯಿತು. ಆತ ಪ್ರಿನ್ಸ್‌ಟನ್‌ನಲ್ಲಿ ಓದಿದವನು. ಅವನ ಬಾಯಿಂದಲೇ ಇಶಿಝು ಐವಿ ಲೀಗ್ ವಿಶ್ವವಿದ್ಯಾಲಯಗಳ ಬದುಕಿನ ಬಗ್ಗೆ ಮೊದಲು ಕೇಳಿದ್ದು. ಊರಿಗೆ ಮರಳಿ, ಒಸಾಕಾದಲ್ಲಿ ತಮ್ಮದೇ ಉಡುಪಿನ ವ್ಯಾಪಾರ ಆರಂಭಿಸಿದ ಮೇಲೆ 1959ರಲ್ಲಿ ಅಮೆರಿಕಕ್ಕೆ ಹೋಗಿ ಪ್ರಿನ್ಸ್‌ಟನ್ ನೋಡಿ ಬಂದರು.

ಆಗಿನ ಜಪಾನಿನಲ್ಲಿ ಹುಡುಗನೊಬ್ಬನಿಗೆ ಉಡುಪಿನ ಆಯ್ಕೆಯೇ ಇರಲಿಲ್ಲ. ಓದುವಷ್ಟು ಕಾಲ ನಿಲುಗಾಲರಿನ ಕಪ್ಪು ಸಮವಸ್ತ್ರ, ಕೆಲಸಕ್ಕೆ ಸೇರಿದ ದಿನದಿಂದ ಗಾಢಬಣ್ಣದ ಸೂಟು. ಇವೆರಡರ ನಡುವೆ ತೊಡಲು ಏನಾದರೂ ಬೇಕಿತ್ತು. ಭುಜಕ್ಕೆ ಪ್ಯಾಡ್ ತುಂಬದ ಕೋಟು, ಕಾಲರಿನ ತುದಿಗೆ ಗುಂಡಿಯಿರುವ ಅಂಗಿ, ಹತ್ತಿಯ ಖಾಕಿ ಪ್ಯಾಂಟು, ಲೇಸಿಲ್ಲದ ಲೋಫರ್ ಷೂ: ಐವಿ ಉಡುಪು ಆ ಜಾಗಕ್ಕೆ ಸರಿಯಾಗಿ ಕೂತಿತು. ಆದರೆ ಇದನ್ನು ಯಾರೂ ತೊಟ್ಟು ನೋಡಿರಲಿಲ್ಲ. ಹಾಗಾಗಿ ಇಶಿಝು ಮತ್ತು ಕುರೊಸು ‘ಮೆನ್ಸ್ ಕ್ಲಬ್’ ಪತ್ರಿಕೆಯಲ್ಲಿ ನಿಯಮಗಳನ್ನು ಬರೆಯುತ್ತ ಹೋದರು. ಕೋಟಿಗೆ ಎಷ್ಟು ಗುಂಡಿ, ಬೆನ್ನಿನ ಸೀಳು ಎಲ್ಲಿ ಮುಗಿಯಬೇಕು, ಪ್ಯಾಂಟಿನ ಕಾಲು ಎಷ್ಟು ಅಗಲ, ಎಲ್ಲಕ್ಕೂ ಲೆಕ್ಕ. ವೇಳೆ, ಜಾಗ, ಸಂದರ್ಭ ಈ ಮೂರನ್ನೂ ನೋಡಿ ಉಡಬೇಕು ಎಂಬ ಇಶಿಝು ಅವರ ಮಾತು ಜಪಾನಿನಲ್ಲಿ ಮನೆಮಾತಾಯಿತು.

ಹುಡುಗರು ಕಲಿತರು. 1964ರ ಬೇಸಿಗೆಯಲ್ಲಿ ಟೋಕಿಯೊದ ಗಿನ್ಜಾ ಬಡಾವಣೆಯ ಮಿಯುಕಿ ರಸ್ತೆಯಲ್ಲಿ ಗಿಡ್ಡ ಪ್ಯಾಂಟಿನ ಯುವಕರ ಹಿಂಡು ದಿನವಿಡೀ ನಿಲ್ಲತೊಡಗಿತು. ಅಂಗಡಿಯವರು ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಒಲಿಂಪಿಕ್ಸ್, ಜಗತ್ತೇ ಬರುವ ಮುನ್ನ ಬೀದಿ ಚೊಕ್ಕಟವಾಗಲಿ ಎಂದು ಸೆಪ್ಟೆಂಬರ್‌ನಲ್ಲಿ ಪೊಲೀಸರು ಅವರನ್ನು ಹಿಡಿದು ಠಾಣೆಗೆ ಒಯ್ದರು. ಐವಿ ಎಂದರೆ ಪುಂಡರ ವೇಷ ಎಂಬ ಹೆಸರು ಬಂತು. ಇದು ಅಮೆರಿಕದ ಉತ್ತಮ ವಿದ್ಯಾರ್ಥಿಗಳ ಉಡುಪು ಎಂದು ತಂದೆತಾಯಿಗಳಿಗೆ ತೋರಿಸಿಕೊಡಲು ವ್ಯಾನ್ ತಂಡ ಹೊರಟದ್ದು ಆಮೇಲೆ.

ಸೂಟು ಸಿಗದಿದ್ದಾಗ ಹಯಾಶಿದಾ ಏನು ಮಾಡಿದರು ಎಂಬುದು ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಕಂಡದ್ದನ್ನು ಅವರು ಕಂಡ ಹಾಗೆಯೇ ಸೆರೆಹಿಡಿದರು. ಸೈಕಲ್ ಏರಿದವನು, ಊಟದ ಮನೆಯಿಂದ ಹೊರಬರುತ್ತಿರುವವನು, ದೋಣಿ ಹೊತ್ತು ನಡೆದವನು, ಹುಲ್ಲಿನ ಮೇಲೆ ಪುಸ್ತಕ ಹರಡಿ ಕೂತವನು. ಆ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪತ್ರಿಕೆಯ ನಿಯಮದಲ್ಲಿದ್ದ ವಸ್ತುಗಳೆಲ್ಲ ಅಲ್ಲಿವೆ, ಆದರೆ ಯಾವುದೂ ಪೂರ್ತಿ ಜೊತೆಯಾಗಿ ಇಲ್ಲ. ಕಾಲರಿಗೆ ಗುಂಡಿಯಿರುವ ಅಂಗಿ ಇದೆ, ಕೆಳಗೆ ಚಡ್ಡಿ ಇದೆ. ಒಳ್ಳೆಯ ಚರ್ಮದ ಲೋಫರ್ ಇದೆ, ಕಾಲುಚೀಲ ಇಲ್ಲ. ವ್ಯಾಯಾಮಕ್ಕೆಂದು ಹೊಲಿದ ಸ್ವೆಟ್‌ಶರ್ಟ್ ಗ್ರಂಥಾಲಯಕ್ಕೆ ಬಂದಿದೆ.

ಹೀಗಾಗಲು ಕಾರಣವಿತ್ತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಓದಿನ ಖರ್ಚನ್ನು 1944ರ ಕಾಯ್ದೆಯೊಂದರ ಪ್ರಕಾರ ಅಮೆರಿಕ ಸರ್ಕಾರ ಹೊತ್ತಿತು. ಲಕ್ಷಗಟ್ಟಲೆ ಮಾಜಿ ಸೈನಿಕರು ಕಾಲೇಜಿಗೆ ಬಂದರು, ಸೇನೆಯಲ್ಲಿ ತೊಟ್ಟ ಖಾಕಿ ಪ್ಯಾಂಟುಗಳೂ ಅವರ ಜೊತೆ ಬಂದವು. ಸಿರಿವಂತ ಮನೆಯ ಹುಡುಗನ ಟ್ವೀಡ್ ಕೋಟಿನ ಪಕ್ಕ ಸಿಪಾಯಿಯ ಖಾಕಿ ಕೂತಿತು. ಎರಡೂ ಒಬ್ಬನದೇ ಮೈಮೇಲೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಆ ಖಾಕಿಯ ಚರಿತ್ರೆಯಲ್ಲಿ ನಮ್ಮ ಮಂಗಳೂರಿನ ಹೆಸರೂ ಇದೆ. 19ನೇ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಸಿದ್ಧಪಡಿಸಿದ ಕೀರ್ತಿಯನ್ನು ಕರಾವಳಿಯವರು ಇಂದಿಗೂ ಅಲ್ಲಿನ ನೇಯ್ಗೆಗಾರ ಜಾನ್ ಹಾಲರ್‌ಗೆ ಕೊಡುತ್ತಾರೆ. ಅಮೆರಿಕದ ಅದೇ ಕಾಲೇಜು ಹುಡುಗರು ಬೇಸಿಗೆಯಲ್ಲಿ ತೊಡುತ್ತಿದ್ದ ಚೌಕಳಿ ಬಟ್ಟೆ ಮದ್ರಾಸಿನ ಕಡೆಯ ಕೈಮಗ್ಗದ್ದು. ಒಗೆದಾಗಲೆಲ್ಲ ಅದರ ಬಣ್ಣ ಬಿಡುತ್ತಿತ್ತು, ಒಂದು ಚೌಕಳಿ ಇನ್ನೊಂದಕ್ಕೆ ಇಳಿಯುತ್ತಿತ್ತು. ದೋಷ ಎನ್ನಬಹುದಾದ ಈ ಗುಣಕ್ಕಾಗಿಯೇ ಅಮೆರಿಕದವರು ಅದನ್ನು ಕೊಂಡರು, ಯಾಕೆಂದರೆ ಎರಡು ಬೇಸಿಗೆ ಕಳೆದ ಅಂಗಿ ಬೇರೆ ಯಾರ ಅಂಗಿಯಂತೆಯೂ ಇರುತ್ತಿರಲಿಲ್ಲ.

ಕುರೊಸು ಮತ್ತು ಸಂಗಡಿಗರು ಕಂಡುಕೊಂಡದ್ದು ಇದನ್ನೇ. ಹಳೆಯ ಉಡುಪಿಗೆ ಜೀವ ಬರುವುದು ಅದನ್ನು ಬಿಡಿಬಿಡಿಯಾಗಿ, ಇವತ್ತಿನ ಕೆಲಸಕ್ಕೆ ತೊಟ್ಟಾಗ. ಅಡಿಯಿಂದ ಮುಡಿವರೆಗೆ ಒಂದೇ ಕಾಲದ್ದನ್ನು ತೊಟ್ಟವನು ನಾಟಕಕ್ಕೆ ಹೊರಟಂತೆ ಕಾಣುತ್ತಾನೆ. ಅದರಲ್ಲಿ ಒಂದನ್ನೇ ಆರಿಸಿ ತೊಟ್ಟವನು ಅವನಾಗಿಯೇ ಕಾಣುತ್ತಾನೆ. ಆ ಚಿತ್ರಗಳು 1965ರಲ್ಲೇ ‘ಟೇಕ್ ಐವಿ’ ಎಂಬ ಪುಸ್ತಕವಾಗಿ ಟೋಕಿಯೊದಲ್ಲಿ ಹೊರಬಂದವು. 1978ರಲ್ಲಿ ವ್ಯಾನ್ ದಿವಾಳಿಯಾಯಿತು, ಪುಸ್ತಕ ಮಾತ್ರ ಉಳಿಯಿತು. 2010ರಲ್ಲಿ ಅದರ ಇಂಗ್ಲಿಷ್ ಆವೃತ್ತಿ ಅಮೆರಿಕದಲ್ಲಿ ಬಂದಾಗ, ಅಜ್ಜಂದಿರ ಕಾಲದ ಉಡುಪನ್ನು ಅಲ್ಲಿನ ಮೊಮ್ಮಕ್ಕಳು ಜಪಾನಿಯರ ಕಣ್ಣಿನಿಂದ ನೋಡಿ ಕಲಿತರು.

ಉಡುಪನ್ನು ಹೇಗೆ ತೊಡುತ್ತಾರೆ ಎಂಬ ಪಾಠ ಇಲ್ಲಿ ಮುಗಿಯಿತು. ಹೇಗೆ ಮಾಡಿದ್ದಾರೆ ಎಂಬ ಇನ್ನೊಂದು ಪಾಠ ಬಾಕಿಯಿತ್ತು, ಅದು ಸಿಕ್ಕಿದ್ದು ಜೀನ್ಸ್‌ನಲ್ಲಿ. ಇಶಿಝು ಹುಟ್ಟಿದ ಒಕಾಯಾಮಾ ಪ್ರಾಂತ್ಯದಲ್ಲೇ ಕೊಜಿಮಾ ಎಂಬ ಊರಿದೆ. ದೇಶದ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಊರು ಅದು. ಅಲ್ಲಿನ ಹೊಲಿಗೆಗಾರರು ಅರವತ್ತರ ದಶಕದಲ್ಲಿ ಅಮೆರಿಕದಿಂದ ಬಟ್ಟೆ ತರಿಸಿ ಜೀನ್ಸ್ ಹೊಲಿಯತೊಡಗಿದರು. 1973ರಲ್ಲಿ ಕುರಾಬೊ ಗಿರಣಿ ಜಪಾನಿನದೇ ಡೆನಿಮ್ ನೇಯ್ದಿತು. ಆದರೂ ಹಳೆಬಟ್ಟೆ ಅಂಗಡಿಯಲ್ಲಿ ಸಿಗುತ್ತಿದ್ದ ಐವತ್ತರ ದಶಕದ ಲಿವೈಸ್ 501 ಪ್ಯಾಂಟಿನ ಸೊಗಸು ಹೊಸದಕ್ಕೆ ಬರುತ್ತಿರಲಿಲ್ಲ. ಯಾಕೆ?

ಉತ್ತರ ಹುಡುಕಿದವರು ಹೆಚ್ಚಾಗಿ ಒಸಾಕಾದವರು. 1979ರಲ್ಲಿ ಸ್ಟುಡಿಯೊ ಡಾರ್ಟಿಸಾನ್, 1991ರಲ್ಲಿ ಎವಿಸು, 1995ರಲ್ಲಿ ವೇರ್‌ಹೌಸ್ ಕಂಪನಿಗಳು ಹುಟ್ಟಿದವು. ಅವರು ಹಳೆಯ ಪ್ಯಾಂಟುಗಳ ಹೊಲಿಗೆ ಬಿಚ್ಚಿ, ನೂಲಿನ ಎಳೆ ಎಳೆ ಬಿಡಿಸಿ ನೋಡಿದರು. ಹಳೆಯ ಬಟ್ಟೆ ನೇಯ್ದದ್ದು ಲಾಳಿ ಮಗ್ಗದಲ್ಲಿ. ಆ ಬಟ್ಟೆಯ ಅಗಲ ಸುಮಾರು 30 ಇಂಚು ಮಾತ್ರ. ಲಾಳಿ ಆಚೆಯಿಂದ ಈಚೆಗೆ ಹೊಕ್ಕಿನ ಎಳೆಯನ್ನು ಕಡಿಯದೆ ತರುವುದರಿಂದ ಬಟ್ಟೆಯ ಎರಡೂ ಅಂಚು ತಾವಾಗಿಯೇ ಬಿಗಿಯುತ್ತವೆ. ಪ್ಯಾಂಟಿನ ಕಾಲು ಮಡಿಚಿದಾಗ ಒಳಗಡೆ ಕಾಣುವ ಬಿಳಿ ಪಟ್ಟಿ, ಅದರ ನಡುವಿನ ಕೆಂಪು ಎಳೆ, ಇವು ಆ ಅಂಚಿನ ಗುರುತು. ನಿಧಾನಗತಿಯ ಮಗ್ಗವಾದ್ದರಿಂದ ಹಾಸು ಅಷ್ಟು ಬಿಗಿಯಾಗಿರುವುದಿಲ್ಲ. ಆ ಕಾಲದ ನೂಲೂ ಒಂದೇ ದಪ್ಪ ಇರುತ್ತಿರಲಿಲ್ಲ. ಹಾಸಿನ ನೂಲನ್ನು ಹಗ್ಗದಂತೆ ಕಟ್ಟಿ ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಗಾಳಿಗೆ ಹಿಡಿಯುವುದರಿಂದ ಬಣ್ಣ ಹೊರಮೈಗೆ ಮಾತ್ರ ಹತ್ತಿ, ನೂಲಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ತೊಟ್ಟಂತೆಲ್ಲ ಹೊರಗಿನ ನೀಲಿ ಸವೆದು, ಮಂಡಿಯ ಹಿಂದೆ, ಜೇಬಿನ ಅಂಚಲ್ಲಿ, ತೊಡೆಯ ನೆರಿಗೆಯಲ್ಲಿ ಬಿಳಿ ಮೂಡುತ್ತದೆ. ಹೀಗೆ ತೊಟ್ಟವನ ನಡಿಗೆಯೇ ಬಟ್ಟೆಯ ಮೇಲೆ ಅಚ್ಚಾಗುತ್ತದೆ. ಅಮೆರಿಕದ ಗಿರಣಿಗಳು ಅಗಲವಾದ ವೇಗದ ಮಗ್ಗಗಳಿಗೆ ಬದಲಾದಾಗ ಕಳೆದದ್ದು ಅಂಚಿನ, ಸಡಿಲ ಹಾಸಿನ ಆ ಗುಣ. ಜಪಾನಿಯರು ಹಳೆಯ ಲಾಳಿ ಮಗ್ಗಗಳನ್ನು ಮತ್ತೆ ಓಡಿಸಿ ಅದನ್ನು ಹಿಂದಕ್ಕೆ ತಂದರು.

ಈ ಎರಡು ಪಾಠ ಸೇರಿದರೆ ಯಾರಾದರೂ ಪಾಲಿಸಬಹುದಾದ ಒಂದು ವಿಧಾನ ಸಿಗುತ್ತದೆ. ಹಳೆಯದನ್ನು ಕೊಳ್ಳುವ ಮುನ್ನ ತಿರುವಿ ಹಾಕಿ ಒಳಗೆ ನೋಡಬೇಕು. ಅಸ್ತರು ಹೇಗಿದೆ, ಕಾಜಾ ಕೈಯಲ್ಲಿ ಹೊಲಿದದ್ದೇ, ಉಣ್ಣೆಯನ್ನು ನುಸಿ ತಿಂದಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಲಿವೈಸ್ ಪ್ಯಾಂಟಿನ ಹಿಂಜೇಬಿನ ಕೆಂಪು ಪಟ್ಟಿಯಲ್ಲಿ ಇಂಗ್ಲಿಷಿನ ‘ಇ’ ದೊಡ್ಡಕ್ಷರವಾಗಿದ್ದರೆ ಅದು 1971ಕ್ಕಿಂತ ಹಿಂದಿನದು, ಇಲ್ಲವೇ ಹಿಂದಿನದರ ಮರುತಯಾರಿ. ಆಮೇಲೆ ಭುಜ. ಸೊಂಟ ಬಿಗಿಮಾಡಿಸಬಹುದು, ತೋಳಿನ ಉದ್ದ ಇಳಿಸಬಹುದು, ಪ್ಯಾಂಟಿನ ಕಾಲು ಕಿರಿದು ಮಾಡಿಸಬಹುದು. ಭುಜ ಬಿಚ್ಚಿದರೆ ಕಾಲರು, ತೋಳು, ಒಳಗಿನ ಕ್ಯಾನ್ವಾಸು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ಆದ್ದರಿಂದ ಭುಜ ಕೂರದ ಕೋಟು ಎಷ್ಟು ಚಂದವಿದ್ದರೂ ಬಿಟ್ಟುಬಿಡುವುದೇ ಲೇಸು.

ಹಳೆಯದನ್ನು ತಿದ್ದಿಸುವುದು ಅಪಚಾರ ಎಂದು ಹಿಂಜರಿಯುವವರಿಗೆ ವಿಂಡ್ಸರ್ ಡ್ಯೂಕ್‌ನ ಉದಾಹರಣೆ ಇದೆ. ಪಟ್ಟ ತೊರೆದ ಈ ಬ್ರಿಟಿಷ್ ದೊರೆ, ತನ್ನ ತಂದೆ ಐದನೇ ಜಾರ್ಜ್‌ಗೆಂದು 1897ರಲ್ಲಿ ಹೊಲಿದಿದ್ದ ಸ್ಕಾಟಿಷ್ ಚೌಕಳಿಯ ಸೂಟನ್ನು, ಪ್ಯಾಂಟಿನ ಗುಂಡಿ ತೆಗೆಸಿ ಜಿಪ್ ಹಾಕಿಸಿಕೊಂಡು ತೊಟ್ಟನು. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಒಂದು ರಾತ್ರಿಯೂಟಕ್ಕೆ ಅದನ್ನು ತೊಟ್ಟಾಗ ಸುದ್ದಿ ಅಮೆರಿಕದ ವ್ಯಾಪಾರಿಗಳಿಗೆ ಮುಟ್ಟಿ, ಕೆಲವೇ ತಿಂಗಳಲ್ಲಿ ಆ ಚೌಕಳಿ ಎಲ್ಲೆಡೆ ಬಂತು ಎಂದು ಆತನೇ ಬರೆದುಕೊಂಡಿದ್ದಾನೆ. ತಂದೆಯ ಬಟ್ಟೆಗೆ ಮಗ ಕೊಡಬಹುದಾದ ಗೌರವ ಎಂದರೆ ಅದನ್ನು ತನ್ನ ಮೈಗೆ ಹೊಂದಿಸಿಕೊಂಡು ತೊಡುವುದು ಎಂದೇ ನಾನು ನಂಬಿದ್ದೇನೆ.

ಬೆರೆಸುವ ಕೆಲಸ ಆಮೇಲಿನದು. ಒಂದು ದಿನಕ್ಕೆ ಒಂದೇ ಹಳೆಯದು ಸಾಕು. ಒರಟು ಟ್ವೀಡ್ ಕೋಟಿಗೆ ಬಿಳಿ ಟೀಶರ್ಟು, ಗಾಢ ನೀಲಿ ಜೀನ್ಸ್ ಹೊಂದುತ್ತದೆ, ಯಾಕೆಂದರೆ ಮೂರೂ ದುಡಿಮೆಯ, ಆಟದ ಬಟ್ಟೆಗಳ ವಂಶದವು. ನುಣುಪಾದ ಸೂಟಿನ ಕೋಟನ್ನು ಅದರ ಪ್ಯಾಂಟಿನಿಂದ ಬೇರ್ಪಡಿಸಿ ಜೀನ್ಸ್ ಮೇಲೆ ತೊಟ್ಟರೆ ಎರಡೂ ಒಂಟಿಯಾಗುತ್ತವೆ. ಹಳೆಯ ಅಗಲ ಕಾಲಿನ ಪ್ಯಾಂಟಿಗೆ ಮೈಗಂಟುವ ಹೊಸ ಸ್ವೆಟರು, ಹಳೆಯ ದೊಗಲೆ ಅಂಗಿಗೆ ನೇರ ಕಾಲಿನ ಹೊಸ ಪ್ಯಾಂಟು: ಒಂದು ಕಡೆ ಸಡಿಲವಿದ್ದರೆ ಇನ್ನೊಂದು ಕಡೆ ಬಿಗಿ ಇರಲಿ.

ಬಟ್ಟೆಯಿಂದಲೇ ಶುರುಮಾಡಬೇಕೆಂದೂ ಇಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ದಿನಕ್ಕೊಮ್ಮೆ ಕೀ ಕೊಡಬೇಕಾದ ‘ಜನತಾ’ ನಮ್ಮಲ್ಲಿ ಎಷ್ಟೋ ಮನೆಗಳ ಬೀರುವಿನಲ್ಲಿ ಇನ್ನೂ ಇದೆ. ಇಂದಿನ ಗಡಿಯಾರಗಳಿಗಿಂತ ಸಣ್ಣದು, ತೆಳ್ಳಗಿನದು, ಸರಳ ಅಂಕಿಗಳದು. ಹೊಸ ಪಟ್ಟಿ ಹಾಕಿಸಿ ಆಫೀಸಿಗೆ ಹಾಕುವ ಮಾಮೂಲಿ ಅಂಗಿಯ ಜೊತೆ ಕಟ್ಟಿಕೊಂಡರೆ, ಅದನ್ನು ಯಾರು ಯಾವಾಗ ಕೊಂಡರು ಎಂದು ಮನೆಯಲ್ಲೊಬ್ಬರು ಹೇಳಿಯೇ ಹೇಳುತ್ತಾರೆ.

ವೈಯಕ್ತಿಕ ಧಾಟಿ ಎಂಬುದು ಒಂದೇ ದಿನ ಅಂಗಡಿಯಲ್ಲಿ ಕೊಳ್ಳುವ ಸಾಮಾನಲ್ಲ. ಕುರೊಸು ಮೊದಲು ನಿಯಮವನ್ನು ಪೂರ್ತಿ ಕಲಿತರು, ಆಮೇಲೆ ಬದುಕಿನಲ್ಲಿ ಅದು ಹೇಗೆ ಸಡಿಲವಾಗಿ ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ಎರಡೂ ಬೇಕು. ಕಲಿಯದೆ ಸಡಿಲ ಬಿಟ್ಟರೆ ಅಸ್ತವ್ಯಸ್ತ, ಕಲಿತೂ ಸಡಿಲ ಬಿಡದಿದ್ದರೆ ಸಮವಸ್ತ್ರ. ಮನೆಯ ಬೀರುವಿನಲ್ಲಿ ತಂದೆಯದೋ ಅಜ್ಜನದೋ ಕೋಟಿದ್ದರೆ ಈ ವಾರವೇ ತೆಗೆದು ತೊಟ್ಟು ನೋಡಿ. ಭುಜ ಕೂತರೆ ಉಳಿದದ್ದನ್ನು ನಿಮ್ಮ ಬೀದಿಯ ಟೈಲರ್ ನೋಡಿಕೊಳ್ಳುತ್ತಾರೆ. ಅದರ ಜೊತೆ ಏನು ತೊಡಬೇಕು ಎಂಬುದನ್ನು ನೀವು ಆ ದಿನ ಎಲ್ಲಿಗೆ, ಯಾವ ಕೆಲಸಕ್ಕೆ ಹೊರಟಿದ್ದೀರಿ ಎಂಬುದೇ ಹೇಳುತ್ತದೆ.